ಆಟ ಯಾರಿಗಾಗಿ?

ಆಟವಿಲ್ಲದ ಬಾಲ್ಯವನ್ನು ಊಹಿಸುವುದು ಕಷ್ಟ. ಒಂದು ಕಾಲಕ್ಕೆ ಲಗೋರಿ, ಚಿನ್ನಿದಾಂಡು, ಬುಗುರಿ, ಕುಂಟೆಬಿಲ್ಲೆ, ಚೌಕಾಬಾರಗಳೇ ಮಕ್ಕಳ ಆಟಗಳಾಗಿದ್ದುವು. ಅವುಗಳಲ್ಲಿ ಕೆಲವಕ್ಕೆ ಬಯಲು ಬೇಕಾಗಿತ್ತು. ಕೆಲವಕ್ಕೆ ಮನೆಯ ಜಗಲಿಯೇ ಸಾಕಾಗಿತ್ತು. ಇಂದು ಆಟದ ಬಯಲು ಅಂಗೈಯಗಲದ ಗಾಜಿನ ಮೇಲೆ ಬಂದು ನಿಂತಿದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಜ್ಞಾನಭಾರತಿಯ ಮೆಟ್ರೊ ನಿಲ್ದಾಣದಲ್ಲಿ ಸಂಜೆಯ ಹೊತ್ತು ಸ್ವಲ್ಪ ಕಾಲ ನಿಂತು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಕೆಂಗೇರಿಯ ಕಡೆಗೆ ಹೋಗುವ ರೈಲಿಗಾಗಿ ಕಾದು ಕುಳಿತ ಬಾಲಕನೊಬ್ಬನು ತಾಯಿಯ ಮೊಬೈಲನ್ನು ಹಿಡಿದು ಆಟದಲ್ಲಿ ಮೈಮರೆತಿರುತ್ತಾನೆ. ಅವನ ಪಕ್ಕದಲ್ಲಿಯೇ, ಕಚೇರಿಯಿಂದ ಮರಳುತ್ತಿರುವ ಹಿರಿಯರೊಬ್ಬರು ಅದೇ ಆಟವನ್ನು ಆಡುತ್ತಿದ್ದರೂ ಆಶ್ಚರ್ಯವಿಲ್ಲ. ಹಾಗಾದರೆ ಆ ಆಟ ಯಾರಿಗಾಗಿ ರಚಿತವಾದುದು? ಪ್ರಶ್ನೆ ಮೇಲುನೋಟಕ್ಕೆ ಸಾಮಾನ್ಯವಾಗಿ ಕಂಡರೂ ಆ ಬಾಲಕನ ಖಾಸಗಿತನದ ರಕ್ಷಣೆ ಬಹುಮಟ್ಟಿಗೆ ಅದರ ಉತ್ತರವನ್ನೇ ಅವಲಂಬಿಸಿದೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಬಲೂನು, ಪೀಪಿ, ಗೊಂಬೆಗಳನ್ನು ಮಾರುವವರನ್ನು ಎಲ್ಲರೂ ಕಂಡಿರುತ್ತಾರೆ. ಮಗು ಪೀಪಿಯನ್ನು ಕೊಳ್ಳುತ್ತದೆ. ಮಾರುವವನು ಹಣವನ್ನು ಪಡೆಯುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಮಗುವಿನ ಹೆಸರೇನು, ಮನೆ ಎಲ್ಲಿ, ಅದು ಎಷ್ಟು ಹೊತ್ತಿಗೆ ಮಲಗುತ್ತದೆ ಎಂಬ ವಿಚಾರ ಅವನಿಗೆ ಬೇಡ. ಮೊಬೈಲಿನ ಆಟದ ರೀತಿ ಬೇರೆ. ಅನೇಕ ವೇಳೆ ಅದಕ್ಕೆ ಹಣವನ್ನೇ ಕೊಡಬೇಕಾಗಿಲ್ಲ. ಆದರೆ ಆಡುವವರ ಹೆಸರು, ಧ್ವನಿ, ಭಾವಚಿತ್ರ, ಅವರು ಇರುವ ಸ್ಥಳ, ಮೊಬೈಲಿಗೆ ಇರುವ ಗುರುತಿನ ಸಂಖ್ಯೆ, ದಿನದಲ್ಲಿ ಎಷ್ಟು ಹೊತ್ತು ಆಡಿದರು, ಯಾವ ಜಾಹೀರಾತನ್ನು ಒತ್ತಿ ನೋಡಿದರು ಎಂಬ ವಿವರಗಳನ್ನು ಅದು ಸಂಗ್ರಹಿಸಬಲ್ಲುದು. ಆಟದೊಳಗೆ ಅಡಗಿರುವ ಜಾಹೀರಾತು ಸಂಸ್ಥೆಗಳ ತಂತ್ರಾಂಶಕ್ಕೂ ಈ ವಿವರಗಳು ದೊರೆಯುವುದುಂಟು. ಅವುಗಳ ಆಧಾರದಿಂದ ಆಡುವವರ ಇಷ್ಟಾನಿಷ್ಟಗಳನ್ನು ತಿಳಿದು, ಅದಕ್ಕೆ ತಕ್ಕ ಜಾಹೀರಾತನ್ನು ಕಣ್ಣ ಮುಂದೆ ತರಲಾಗುತ್ತದೆ. ಪರಿಷೆಯ ವ್ಯಾಪಾರಿ ಮಗುವನ್ನು ಮರೆಯುತ್ತಾನೆ; ಆಟ ಮರೆಯುವುದಿಲ್ಲ.

ವಯಸ್ಕನಾದವನು ಇದನ್ನೆಲ್ಲ ಅರಿತು, ಒಪ್ಪಿ, ಆಡಿದರೆ ಅದು ಅವನ ಇಚ್ಛೆ. ಆದರೆ ಮಗುವಿನ ಒಪ್ಪಿಗೆಗೆ ಅದೇ ಬೆಲೆಯನ್ನು ಕೊಡಲಾಗದು. 1872ರ ಭಾರತೀಯ ಕರಾರು ಅಧಿನಿಯಮವು ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲವೆಂದು ಹೇಳಿದುದಕ್ಕೂ ಇಂಥ ವಿವೇಚನೆಯೇ ಕಾರಣ. ತನ್ನ ಸಹಿಯ ಪರಿಣಾಮವನ್ನು ಅಳೆಯಲಾರದವನನ್ನು ಅವನ ಸಹಿಯಿಂದಲೇ ಕಟ್ಟಿಹಾಕುವುದು ನ್ಯಾಯವಲ್ಲ.

ತನ್ನ ಬದುಕಿನ ಯಾವ ಸಂಗತಿಯನ್ನು ಯಾರಿಗೆ ಎಷ್ಟು ತಿಳಿಸಬೇಕೆಂಬುದನ್ನು ವ್ಯಕ್ತಿ ತಾನೇ ನಿರ್ಧರಿಸುವ ಸ್ವಾತಂತ್ರ್ಯ ಖಾಸಗಿತನದ ಮುಖ್ಯವಾದ ಅಂಶ. ಭಾರತದಲ್ಲಿ ಇದು ಮೂಲಭೂತ ಹಕ್ಕೆಂದು ಸ್ಥಿರಪಟ್ಟುದು ಕನ್ನಡಿಗರೊಬ್ಬರ ಹೆಸರನ್ನು ಹೊತ್ತ ಮೊಕದ್ದಮೆಯಲ್ಲಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕಾಗ ಅವರಿಗೆ 86 ವರ್ಷ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು. ಅವರ ಹೆಸರು ಆ ತೀರ್ಪಿನಲ್ಲಿ ಉಳಿದಿದೆ.

ಹಕ್ಕು ಎಲ್ಲರದು, ಆದರೆ ಮಕ್ಕಳಿಗೆ ವಿಶೇಷವಾದ ರಕ್ಷಣೆ ಬೇಕು. ಅಮೆರಿಕ ದೇಶವು 1998ರಲ್ಲಿಯೇ ಮಕ್ಕಳ ಖಾಸಗಿತನಕ್ಕಾಗಿ ಕಾನೂನೊಂದನ್ನು ಮಾಡಿತು. ಆಟವೊಂದು 13 ವರ್ಷಕ್ಕಿಂತ ಕಿರಿಯರನ್ನು ಉದ್ದೇಶಿಸಿದ್ದಾದರೆ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಅವರ ವಿವರಗಳನ್ನು ಸಂಗ್ರಹಿಸಬಾರದೆಂಬುದು ಅದರ ಸಾರ. ಹಾಗೆ ಉದ್ದೇಶಿಸಿದೆಯೆ ಎಂಬುದನ್ನು ನಿರ್ಣಯಿಸಲು ಅಲ್ಲಿಯ ನಿಯಮಗಳು ಕೆಲವು ಲಕ್ಷಣಗಳನ್ನು ಹೇಳುತ್ತವೆ. ಆಟದ ವಸ್ತು ಯಾವುದು? ಅದರ ಚಿತ್ರಗಳು ಎಂಥವು? ನಲಿಯುವ ಪ್ರಾಣಿಗಳೂ ವ್ಯಂಗ್ಯಚಿತ್ರದ ಪಾತ್ರಗಳೂ ಇವೆಯೆ? ಬಹುಮಾನಗಳು ಮಕ್ಕಳನ್ನು ಸೆಳೆಯುವಂಥವೆ? ಸಂಗೀತ ಹೇಗಿದೆ? ಭಾಷೆ ಸರಳವಾಗಿದೆಯೆ? ಅದರಲ್ಲಿ ಕಾಣುವ ವ್ಯಕ್ತಿಗಳ ವಯಸ್ಸೆಷ್ಟು? ಮಕ್ಕಳು ಮೆಚ್ಚುವ ಖ್ಯಾತನಾಮರು ಇರುವರೆ? ಜಾಹೀರಾತುಗಳು ಯಾವ ವಸ್ತುವಿನವು? ಇವುಗಳ ಜೊತೆಗೆ, ನಿಜವಾಗಿ ಅದನ್ನು ಆಡುತ್ತಿರುವವರು ಯಾರು?

ಇವುಗಳಲ್ಲಿ ಯಾವುದೇ ಒಂದು ಲಕ್ಷಣವನ್ನು ಹಿಡಿದು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯನ್ನು ಮಗು ಆಡಲೆಂದು ಕೊಳ್ಳುವವರಿದ್ದಾರೆ. ಬೀರುವಿನಲ್ಲಿ ಅಂದಕ್ಕೆ ಇಡಲೆಂದು ಕೊಳ್ಳುವವರೂ ಇದ್ದಾರೆ. ಬಣ್ಣಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುವ ಮೊಬೈಲಿನ ಆಟದಲ್ಲಿ ಅಜ್ಜಿಯಂದಿರೂ ಮುಳುಗಿರುವುದುಂಟು. ಚದುರಂಗದಲ್ಲಿ ಗೊಂಬೆಗಳ ಕುಣಿತವಿಲ್ಲ. ಆದರೂ ಸಾವಿರಾರು ಮಕ್ಕಳು ಅದನ್ನು ಆಡುತ್ತಾರೆ. ಆದುದರಿಂದ ಎಲ್ಲ ಲಕ್ಷಣಗಳನ್ನೂ ಒಟ್ಟಾಗಿ ತೂಗಿ ನೋಡಬೇಕು. ಅಕ್ಷರ ತಿದ್ದಿಸುವ ಹಾಡು, ಮಾತಾಡುವ ಮೊಲ, ನಕ್ಷತ್ರದ ಬಹುಮಾನ, ಆಟಿಕೆಯ ಜಾಹೀರಾತು ಇವೆಲ್ಲ ಒಂದೆಡೆ ಸೇರಿದಾಗ, ‘ಇದು ವಯಸ್ಕರ ಆಟ’ ಎಂದು ತಯಾರಕನು ಎಷ್ಟು ಸಲ ಬರೆದುಕೊಂಡರೂ ಅದು ಮಕ್ಕಳ ಆಟವೇ ಸರಿ. ಹಣೆಪಟ್ಟಿಯನ್ನಲ್ಲ, ಆಟವನ್ನೇ ನೋಡಬೇಕೆಂಬುದು ಈ ಪರೀಕ್ಷೆಯ ತಿರುಳು.

ಇದಕ್ಕೆ ನಿದರ್ಶನಗಳುಂಟು. 2022ರಲ್ಲಿ ‘ಫೋರ್ಟ್‌ನೈಟ್’ ಎಂಬ ಪ್ರಸಿದ್ಧ ಆಟದ ಒಡೆತನದ ಎಪಿಕ್ ಗೇಮ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. ಆಟದ ಚಿತ್ರ, ಸಂಗೀತಗಳ ಜೊತೆಗೆ, ಅದರ ಹೆಸರಿನಲ್ಲಿ ಮಕ್ಕಳಿಗಾಗಿ ಆಟಿಕೆಗಳೂ ವೇಷದ ಉಡುಪುಗಳೂ ಮಾರಾಟವಾಗುತ್ತಿದ್ದುದನ್ನು ಆ ಆಯೋಗವು ಎತ್ತಿ ತೋರಿಸಿತು. ಸಂಸ್ಥೆಯು 27.5 ಕೋಟಿ ಡಾಲರುಗಳ ದಂಡವನ್ನು ತೆರಲು ಒಪ್ಪಿಕೊಂಡಿತು.

ಬೆಂಗಳೂರಿಗೆ ಹತ್ತಿರದ ನಿದರ್ಶನ ಇದಕ್ಕಿಂತ ಹಿಂದಿನದು. ಇನ್‌ಮೊಬಿ ಎಂಬುದು ಬೆಂಗಳೂರಿನಲ್ಲಿ ಬೆಳೆದು ಜಗತ್ತಿನಾದ್ಯಂತ ಹೆಸರಾದ ಮೊಬೈಲ್ ಜಾಹೀರಾತು ಸಂಸ್ಥೆ. ಅದು ತಾನೇ ಆಟಗಳನ್ನು ಮಾರುತ್ತಿರಲಿಲ್ಲ. ಬೇರೆಯವರ ಆಟಗಳಲ್ಲಿ ಜಾಹೀರಾತನ್ನು ತೋರಿಸುತ್ತಿತ್ತು. ತಮ್ಮ ಆಟ ಮಕ್ಕಳಿಗಾಗಿದ್ದರೆ ಹಾಗೆಂದು ಗುರುತು ಹಾಕಲು ತಯಾರಕರಿಗೆ ಅವಕಾಶವಿತ್ತು. ಸಾವಿರಾರು ಆಟಗಳಿಗೆ ಹಾಗೆ ಗುರುತು ಬಿದ್ದಿದ್ದರೂ ಅವುಗಳ ಮೂಲಕ ಮಕ್ಕಳ ವಿವರಗಳು ಸಂಗ್ರಹವಾದುವೆಂದೂ, ಅನುಮತಿಯಿಲ್ಲದೆ ಜನರು ಇರುವ ಸ್ಥಳವನ್ನು ಪತ್ತೆಹಚ್ಚಲಾಯಿತೆಂದೂ ಅದೇ ಆಯೋಗವು 2016ರಲ್ಲಿ ಆರೋಪಿಸಿತು. ಸಂಸ್ಥೆಯು 9.5 ಲಕ್ಷ ಡಾಲರುಗಳನ್ನು ತೆತ್ತು, ಮಕ್ಕಳಿಂದ ಸಂಗ್ರಹಿಸಿದ ವಿವರಗಳನ್ನು ಅಳಿಸಿಹಾಕಬೇಕಾಯಿತು. ‘ಇದು ಮಕ್ಕಳ ಆಟ’ ಎಂದು ತಿಳಿದರಷ್ಟೇ ಸಾಲದು, ತಿಳಿದಂತೆ ನಡೆಯಬೇಕು ಎಂಬ ಪಾಠ ಇದರಲ್ಲಿದೆ.

ಭಾರತವು 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗಾಗಿ ತನ್ನದೇ ಅಧಿನಿಯಮವನ್ನು ರೂಪಿಸಿತು. ಇದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ. ಅವರ ವಿವರಗಳನ್ನು ಬಳಸುವ ಮುನ್ನ ಪೋಷಕರ ಒಪ್ಪಿಗೆಯನ್ನು ಪರಿಶೀಲಿಸಬಹುದಾದ ರೀತಿಯಲ್ಲಿ ಪಡೆಯಬೇಕು. ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರುವುದನ್ನೂ ಇದು ನಿಷೇಧಿಸುತ್ತದೆ. ಮಕ್ಕಳಿಗೆ ಸಂಬಂಧಿಸಿದ ಕಟ್ಟಳೆಗಳನ್ನು ಮೀರಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಈ ಕಟ್ಟಳೆಗಳು ಅಲ್ಲಿಂದ 18 ತಿಂಗಳುಗಳ ಅನಂತರ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಎರಡು ಕಾನೂನುಗಳಿಗೂ ಒಂದು ವ್ಯತ್ಯಾಸವುಂಟು. ಅಮೆರಿಕದ ಕಾನೂನು ಮುಖ್ಯವಾಗಿ ‘ಆಟ ಯಾರಿಗಾಗಿ?’ ಎಂದು ಕೇಳುತ್ತದೆ. ಭಾರತದ ಕಾನೂನು ‘ಆಡುತ್ತಿರುವವರು ಯಾರು?’ ಎಂದು ಕೇಳುತ್ತದೆ. ಒಂಬತ್ತನೆಯ ತರಗತಿಯ 14 ವರ್ಷದ ವಿದ್ಯಾರ್ಥಿ ಅಲ್ಲಿಯ ಆ ಕಾನೂನಿನ ದೃಷ್ಟಿಯಲ್ಲಿ ಮಗುವಲ್ಲ; ಇಲ್ಲಿ ಮಗು. ಆದರೂ ಮೊದಲನೆಯ ಪ್ರಶ್ನೆ ಇಲ್ಲಿ ವ್ಯರ್ಥವಾಗುವುದಿಲ್ಲ. ತನ್ನ ಆಟದ ರೂಪ, ಧ್ವನಿ, ಆಮಿಷಗಳನ್ನು ಪ್ರಾಮಾಣಿಕವಾಗಿ ನೋಡಿಕೊಂಡ ತಯಾರಕನಿಗೆ, ಬಾಗಿಲಿಗೆ ಬರುವವರು ಮಕ್ಕಳೇ ಎಂದು ತಿಳಿಯದಿರುವುದು ಸಾಧ್ಯವೆ?

ಇಲ್ಲಿ ಆಡುವವರ ಹೊಣೆಯೂ ಸ್ವಲ್ಪ ಉಂಟು. ಅನೇಕ ಆಟಗಳು ಆರಂಭದಲ್ಲಿ ಹುಟ್ಟಿದ ವರ್ಷವನ್ನು ಕೇಳುತ್ತವೆ. ಬೇಗ ಒಳಗೆ ಹೋಗುವ ಆತುರದಲ್ಲಿ ಬಾಲಕನು ಇಲ್ಲದ ವಯಸ್ಸನ್ನು ಬರೆಯುತ್ತಾನೆ. ಆ ಒಂದು ಸುಳ್ಳಿನಿಂದ, ತನಗಾಗಿ ಕಟ್ಟಿದ ಬೇಲಿಯನ್ನು ತಾನೇ ದಾಟಿ ಹೊರಗೆ ನಿಂತಂತಾಗುತ್ತದೆ. ಅಲ್ಲಿಂದ ಮುಂದೆ ಆಟವು ಅವನನ್ನು ವಯಸ್ಕನೆಂದೇ ಎಣಿಸುತ್ತದೆ. ತಪ್ಪೆಲ್ಲ ಅವನದೆಂದಲ್ಲ; ಮಕ್ಕಳು ಅವಸರಪಡುವರೆಂಬುದನ್ನು ಬಲ್ಲ ಹಿರಿಯರು ಬೇಲಿಯನ್ನು ಗಟ್ಟಿಯಾಗಿ ಕಟ್ಟಬೇಕು. ಆದರೆ ನಿಜವಾದ ವಯಸ್ಸನ್ನು ಹೇಳುವುದು ಹಿಂಜರಿಕೆಯ ಮಾತಲ್ಲ. ಅದು ತನ್ನ ಹಕ್ಕನ್ನು ಕೇಳಿ ಪಡೆಯುವ ರೀತಿ ಎಂಬ ಅರಿವು ಪ್ರತಿಯೊಬ್ಬ ವಿದ್ಯಾರ್ಥಿಗೂ ಬರಬೇಕು.

ಆಟದ ಆನಂದವನ್ನು ಯಾರೂ ಬೇಡವೆನ್ನುವುದಿಲ್ಲ. ಲಗೋರಿಯ ಬಿಲ್ಲೆಗಳು ಉರುಳಿ ಆಟ ಮುಗಿದ ಮೇಲೆ ಮಕ್ಕಳು ನಿಶ್ಚಿಂತೆಯಿಂದ ಮನೆಗೆ ಮರಳುತ್ತಿದ್ದರು. ಬಯಲು ಅವರನ್ನು ಹಿಂಬಾಲಿಸುತ್ತಿರಲಿಲ್ಲ. ಗಾಜಿನ ಬಯಲಿನಲ್ಲಿ ಆಡುವ ಮಕ್ಕಳಿಗೂ ಅದೇ ನಿಶ್ಚಿಂತೆ ದೊರೆಯಬೇಕೆಂಬುದೇ ಈ ಕಾನೂನುಗಳ ಆಶಯ.

ಅಭ್ಯಾಸ

1. ಪರಿಷೆಯ ವ್ಯಾಪಾರಿಗೂ ಮೊಬೈಲಿನ ಆಟಕ್ಕೂ ಇರುವ ವ್ಯತ್ಯಾಸವೇನು?
2. ಆಟವೊಂದು ಮಕ್ಕಳಿಗಾಗಿಯೇ ಎಂದು ತಿಳಿಯಲು ಯಾವ ಲಕ್ಷಣಗಳನ್ನು ನೋಡಬೇಕು? ಒಂದೇ ಲಕ್ಷಣ ಏಕೆ ಸಾಲದು?
3. ‘ಹಣೆಪಟ್ಟಿಯನ್ನಲ್ಲ, ಆಟವನ್ನೇ ನೋಡಬೇಕು.’ ಈ ಮಾತನ್ನು ನಿದರ್ಶನದೊಡನೆ ವಿವರಿಸಿರಿ.
4. ನಿಮಗೆ ತಿಳಿದ ಒಂದು ಆಟವನ್ನು ಈ ಲಕ್ಷಣಗಳಿಂದ ಪರೀಕ್ಷಿಸಿ, ನಿಮ್ಮ ತೀರ್ಮಾನವನ್ನು ಕಾರಣಸಹಿತ ಬರೆಯಿರಿ.