ಒಣಶುಂಠಿಯ ಗುಣವೂ ರೈತನ ಲಾಭವೂ

ಬೀದರ ಜಿಲ್ಲೆಯ ಹಣದ ಬೆಳೆಗಳಲ್ಲಿ ಶುಂಠಿಯೂ ಒಂದಾಗಿದೆ. ತಾಲ್ಲೂಕಿನ ಮನ್ನಳ್ಳಿ ಮೊದಲಾದ ಕಡೆಗಳ ಒಕ್ಕಲಿಗರಿಗೆ ಇದು ಹೊಸದಲ್ಲ. ನೆರೆಯ ಹುಮನಾಬಾದಿನ ಹೆಸರನ್ನೇ ಹೊತ್ತ ತಳಿಯೊಂದು ರಾಜ್ಯದ ಇತರ ಸೀಮೆಗಳಲ್ಲಿಯೂ ಬೇಸಾಯದಲ್ಲಿದೆ. ಆದರೆ ಹಸಿಯ ಗಡ್ಡೆಯು ಪೇಟೆಗೆ ಒಂದೇ ಕಾಲದಲ್ಲಿ ಬಂದು ಬಿದ್ದರೆ ಬೆಲೆಯು ಇಳಿಯುವುದು. ಇಟ್ಟುಕೊಂಡರೆ ಗಡ್ಡೆಯು ಕೆಡುವುದು. ಒಣಗಿಸಿ ಮಾರುವುದು ಇದಕ್ಕೆ ಒಂದು ಉಪಾಯ. ಗುಣದ ದೃಷ್ಟಿಯಿಂದಲೂ ಈ ಉಪಾಯವು ವಿಚಾರಿಸತಕ್ಕದ್ದಾಗಿದೆ.

ಆಯುರ್ವೇದವು ಹಸಿಯ ಗಡ್ಡೆಯನ್ನು ಆರ್ದ್ರಕವೆಂದೂ ಒಣಗಿದುದನ್ನು ಶುಂಠಿ, ವಿಶ್ವಭೇಷಜವೆಂದೂ ಕರೆದು, ಎರಡನ್ನೂ ಬೇರೆ ಬೇರೆ ದ್ರವ್ಯಗಳಾಗಿ ಎಣಿಸುತ್ತದೆ. ಈ ಭೇದಕ್ಕೆ ರಸಾಯನಶಾಸ್ತ್ರದಲ್ಲಿಯೂ ಆಧಾರವುಂಟು. ಹಸಿ ಅಲ್ಲದ ಖಾರಕ್ಕೆ ಮುಖ್ಯವಾಗಿ ಜಿಂಜರಾಲ್ ಎಂಬ ವಸ್ತುವೇ ಕಾರಣ. ಗಡ್ಡೆಯು ಒಣಗುವಾಗ ಇದರ ಒಂದಂಶವು ನೀರನ್ನು ಕಳೆದುಕೊಂಡು, ಇನ್ನೂ ಖಾರವಾದ ಶೋಗಾಲ್ ಆಗಿ ಮಾರ್ಪಡುತ್ತದೆ. ದೇಹದಲ್ಲಿ ಊತ, ಉರಿ, ನೋವುಗಳನ್ನು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಇವೆರಡೂ ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಮನುಷ್ಯರಲ್ಲಿ ಇದರ ಫಲವು ಮಿತವಾದುದು. ಮೊಣಕಾಲಿನ ಕೀಲುಸವೆತವುಳ್ಳವರಿಗೆ ಆರು ವಾರಗಳ ಕಾಲ ಶುಂಠಿಯ ಸಾರವನ್ನು ಕೊಟ್ಟು ನೋಡಿದ ಒಂದು ಪರೀಕ್ಷೆಯು 2001ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಸಾರವನ್ನು ಸೇವಿಸಿದವರಲ್ಲಿ ನೂರಕ್ಕೆ 63 ಜನರಿಗೂ, ಔಷಧವಿಲ್ಲದ ಹುಸಿ ಗುಳಿಗೆ ಸೇವಿಸಿದವರಲ್ಲಿ ನೂರಕ್ಕೆ 50 ಜನರಿಗೂ ನೋವು ಕಡಮೆಯಾಯಿತು. ಸಾರವನ್ನು ಪಡೆದವರಲ್ಲಿ ಹೊಟ್ಟೆಯ ಸಣ್ಣಪುಟ್ಟ ತೊಂದರೆಗಳು ಹೆಚ್ಚಾಗಿದ್ದುವು. ಆದಕಾರಣ ಶುಂಠಿಯು ವೈದ್ಯರ ಚಿಕಿತ್ಸೆಗೆ ಬದಲಲ್ಲ. ರಕ್ತವು ಹೆಪ್ಪುಗಟ್ಟದಂತೆ ಔಷಧವನ್ನು ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಹೆಚ್ಚಾಗಿ ಉಪಯೋಗಿಸಬಾರದು.

ಈ ಗುಣವು ಪೇಟೆಯವರೆಗೆ ಉಳಿಯಬೇಕಾದರೆ ರೈತನ ಎಚ್ಚರಿಕೆಯು ಅವಶ್ಯ. ಹಸಿಯಾಗಿ ಮಾರುವ ಗಡ್ಡೆಯನ್ನು ಆರನೆಯ ತಿಂಗಳಿನಿಂದ ಕೀಳಬಹುದು. ಒಣಗಿಸುವುದಕ್ಕಾದರೆ ಎಲೆಗಳು ಹಳದಿಯಾಗಿ ಒಣಗುವವರೆಗೆ, ಎಂದರೆ ಸುಮಾರು ಎಂಟು ತಿಂಗಳು ಕಾಯಬೇಕು. ಗಡ್ಡೆಗಳನ್ನು ತೊಳೆದು, ಬಿದಿರಿನ ಚೂಪಾದ ಸೀಳಿನಿಂದ ಸಿಪ್ಪೆಯನ್ನು ಮೆಲ್ಲಗೆ ಹೆರೆಯತಕ್ಕದ್ದು. ಕಬ್ಬಿಣದ ಚಾಕುವಿನಿಂದ ಗಡ್ಡೆಗೆ ಕರೆ ಹತ್ತುವುದು. ತೈಲದ ಕೋಶಗಳು ಸಿಪ್ಪೆಯ ಕೆಳಗೇ ಇರುವುದರಿಂದ ಆಳವಾಗಿ ಹೆರೆದರೆ ಪರಿಮಳವೇ ಹೋಗುವುದು. ಬಳಿಕ ಶುಚಿಯಾದ ಕಣದಲ್ಲಿ ತೆಳುವಾಗಿ ಹರಡಿ, ಏಳರಿಂದ ಹತ್ತು ದಿನ ಬಿಸಿಲಿನಲ್ಲಿ ಒಣಗಿಸಬೇಕು. ತೇವವು ನೂರಕ್ಕೆ 10 ಭಾಗಕ್ಕೆ ಇಳಿಯದಿದ್ದರೆ ಬೂಷ್ಟು ಹಿಡಿಯುವ ಭಯವುಂಟು. ತಳಿಯನ್ನನುಸರಿಸಿ 100 ಕಿಲೋ ಹಸಿಯ ಗಡ್ಡೆಗೆ 19ರಿಂದ 25 ಕಿಲೋ ಒಣಶುಂಠಿಯು ದೊರೆಯುತ್ತದೆ. ಪೇಟೆಯ ಎರಡು ಬೆಲೆಗಳನ್ನೂ ಈ ಲೆಕ್ಕದಿಂದ ತೂಗಿ ನೋಡಿಯೇ ಒಣಗಿಸುವ ನಿಶ್ಚಯಕ್ಕೆ ಬರತಕ್ಕದ್ದು.

ನೀರು ನಿಂತ ಹೊಲದಲ್ಲಿ ಗಡ್ಡೆಕೊಳೆ ರೋಗವು ತಗಲಿ ಬೆಳೆಯೇ ಹೋಗುವುದರಿಂದ, ಏರುಮಡಿಗಳನ್ನು ಕಟ್ಟಿ, ರೋಗವಿಲ್ಲದ ಬಿತ್ತನೆಗಡ್ಡೆಯನ್ನು ಆರಿಸಿ, ಒಂದೇ ಹೊಲದಲ್ಲಿ ವರ್ಷವರ್ಷವೂ ಶುಂಠಿಯನ್ನು ಹಾಕದೆ ಬೆಳೆಯನ್ನು ಬದಲಿಸತಕ್ಕದ್ದು. ಚೆನ್ನಾಗಿ ಬಲಿತು ಚೆನ್ನಾಗಿ ಒಣಗಿದ ಶುಂಠಿಯನ್ನುಳ್ಳ ರೈತನು ಒಳ್ಳೆಯ ಧಾರಣೆಯು ಬರುವವರೆಗೆ ಕಾಯಬಲ್ಲನು.