ಹೊಸ ಮನೆಯ ದೆವ್ವ

ದೆವ್ವಗಳು ತಮ್ಮ ವಾಸಸ್ಥಾನವನ್ನು ಬದಲಿಸಿವೆ. ನಮ್ಮ ಅಜ್ಜಿಯಂದಿರ ಕಥೆಗಳಲ್ಲಿ ಅವು ಹುಣಿಸೆಯ ಮರದಲ್ಲಿಯೋ, ಹಾಳುಬಾವಿಯ ದಡದಲ್ಲಿಯೋ, ಊರಾಚೆಯ ಮಸಣದಲ್ಲಿಯೋ ಇರುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದವನಿಗೆ ಭಯವಿರಲಿಲ್ಲ. ಹೊಸ್ತಿಲು ದಾಟುವ ಧೈರ್ಯ ಅವುಗಳಿಗೆ ಇರಲಿಲ್ಲ. ಆದರೆ ಕಳೆದ ನಾಲ್ಕೈದು ದಶಕಗಳ ಭಯಾನಕ ಚಲಚ್ಚಿತ್ರಗಳನ್ನು ನೋಡಿ: ಹೊಸದಾಗಿ ಬಣ್ಣ ಬಳಿದ ಮನೆ, ನಡುಮನೆಯ ಟೆಲಿವಿಷನ್, ಒಂದೇ ಅಚ್ಚಿನ ಮನೆಗಳು ಸಾಲುಗಟ್ಟಿದ ಬಡಾವಣೆ, ಇವೇ ಈಗ ದೆವ್ವದ ವಿಳಾಸ.

ಹೀಗೇಕಾಯಿತು? ಭತ್ತದ ಗದ್ದೆಗಳ ನಡುವೆ ಬೆಳೆದ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರಿನಲ್ಲಿ ಕುಳಿತು ಆಲೋಚಿಸಿದರೆ, ಉತ್ತರ ನಮ್ಮ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿಯೇ ಇದೆಯೆನಿಸುತ್ತದೆ. ಅದನ್ನು ತೆರೆಯುವ ಮೊದಲು ಕೆಲವು ಚಿತ್ರಗಳ ಕಥೆಯನ್ನು ಕೇಳೋಣ.

ಗೋರಿಯ ಮೇಲಿನ ಬಡಾವಣೆ

1982ರಲ್ಲಿ ಅಮೆರಿಕದಲ್ಲಿ ‘ಪೋಲ್ಟರ್‌ಗೈಸ್ಟ್’ ಎಂಬ ಚಿತ್ರ ಬಂದಿತು. ನಿರ್ದೇಶಕ ಟೋಬ್ ಹೂಪರ್. ನಿರ್ಮಾಪಕರಲ್ಲೊಬ್ಬರು ಸ್ಟೀವನ್ ಸ್ಪೀಲ್‌ಬರ್ಗ್. ಕಥಾನಾಯಕ ಹೊಸ ಬಡಾವಣೆಯ ಮನೆಗಳನ್ನು ಮಾರುವ ನೌಕರ. ತಾನೂ ಅಂಥದೊಂದು ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಸುಖವಾಗಿದ್ದಾನೆ. ಹಿತ್ತಿಲಿನಲ್ಲಿ ಈಜುಕೊಳದ ಗುಂಡಿಯನ್ನೂ ತೋಡಿಸುತ್ತಿದ್ದಾನೆ. ಒಂದು ರಾತ್ರಿ ಅವನ ಕಿರಿಯ ಮಗಳು ಮಾಯವಾಗುತ್ತಾಳೆ. ಅವಳ ದನಿ ಮಾತ್ರ ಟೆಲಿವಿಷನ್ ಪೆಟ್ಟಿಗೆಯೊಳಗಿಂದ ಕೇಳುತ್ತದೆ. ಕೊನೆಗೆ ತಿಳಿಯುವ ಸಂಗತಿಯೇನು? ಬಡಾವಣೆ ನಿಂತಿರುವುದು ಹಳೆಯ ಸ್ಮಶಾನದ ಮೇಲೆ. ಕಂಪನಿಯವರು ಖರ್ಚು ಉಳಿಸಲೆಂದು ಗೋರಿಯ ಕಲ್ಲುಗಳನ್ನಷ್ಟೇ ಬೇರೆಡೆಗೆ ಸಾಗಿಸಿ, ಹೆಣಗಳನ್ನು ನೆಲದಲ್ಲಿಯೇ ಬಿಟ್ಟಿದ್ದಾರೆ. ಮೇಲಿನದನ್ನು ಅಂದಗೊಳಿಸಿ ಕೆಳಗಿನದನ್ನು ಮುಚ್ಚಿಟ್ಟ ಫಲವಾಗಿ, ಈಜುಕೊಳದ ಗುಂಡಿಯಲ್ಲಿಯೇ ಅಸ್ಥಿಪಂಜರಗಳು ತೇಲಿ ಬರುತ್ತವೆ.

ಇದಕ್ಕೂ ಮುಂಚೆ, 1975ರಲ್ಲಿ, ‘ಸ್ಟೆಪ್‌ಫರ್ಡ್ ವೈವ್ಸ್’ ಚಿತ್ರ ಬಂದಿತ್ತು. ಅದರಲ್ಲಿ ದೆವ್ವವೇ ಇಲ್ಲ. ಸದಾ ನಗುಮುಖದಿಂದ ಮನೆಯನ್ನು ಥಳಥಳ ತೊಳೆದಿಡುವ ಗೃಹಿಣಿಯರಿದ್ದಾರೆ. ಅವರು ನಿಜವಾದ ಹೆಂಗಸರಲ್ಲ. ಗಂಡಂದಿರು ಪತ್ನಿಯರನ್ನು ಕೊಂದು ಆ ಸ್ಥಾನದಲ್ಲಿ ನಿಲ್ಲಿಸಿದ ಯಂತ್ರಗಳು. ಅಂತಿಮ ದೃಶ್ಯದಲ್ಲಿ ಈ ಸುಂದರಿಯರು ದೊಡ್ಡ ಅಂಗಡಿಯೊಂದರಲ್ಲಿ ಸಾಮಾನಿನ ಗಾಡಿಗಳನ್ನು ತಳ್ಳುತ್ತಾ ಸಾಗುತ್ತಾರೆ. ನೆರೆಹೊರೆಯವರು ಮೆಚ್ಚುವಂಥ ಸಂಸಾರ ಬೇಕೆಂಬ ಹಂಬಲ ಸಂಸಾರವನ್ನೇ ನುಂಗಿದರೆ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಭೀಕರವಾದ ಚಿತ್ರಣ ಬೇಕೇ?

ಒಡವೆಗೆ ಹೊರಟ ಗಂಗಾ

ಅದು ಪರದೇಶದ ಮಾತಾಯಿತು ಎನ್ನುವಿರಾ? ನಮ್ಮವರೆಲ್ಲರೂ ನೋಡಿ ಮೆಚ್ಚಿದ ‘ಆಪ್ತಮಿತ್ರ’ವನ್ನು ನೆನೆಯಿರಿ. ಪಿ. ವಾಸು ನಿರ್ದೇಶಿಸಿದ ಈ ಚಿತ್ರ 2004ರಲ್ಲಿ ಬಂದಿತು. ಅದೇ ವರ್ಷ ವಿಮಾನ ದುರಂತದಲ್ಲಿ ತೀರಿಕೊಂಡ ಸೌಂದರ್ಯ ಅದರ ಗಂಗಾ. ಹಿರಿಯರು ಬೇಡವೆಂದರೂ ಗಂಡ ಭವ್ಯವಾದ ಹಳೆಯ ಬಂಗಲೆಯನ್ನು ಕೊಳ್ಳುತ್ತಾನೆ. ಬಂಗಲೆಯ ಮುಚ್ಚಿದ ಕೋಣೆಯ ನಾಗವಲ್ಲಿ ಗಂಗಾಳ ಮನಸ್ಸನ್ನು ಆವರಿಸುತ್ತಾಳೆ.

ಈ ಕಥೆಯ ಮೂಲ ಫಾಜಿಲ್ ನಿರ್ದೇಶಿಸಿದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅದರಲ್ಲಿ ಗಂಗಾಳೊಳಗಿನ ನಾಗವಲ್ಲಿ ಗಂಡನ ಕಣ್ಣೆದುರು ಹೊರಬರುವ ಗಳಿಗೆಯನ್ನು ಗಮನಿಸಬೇಕು. ಬಂಧುವೊಬ್ಬಳ ಮದುವೆಗೆ ಒಡವೆ ತರಲು ಆಕೆ ಸಿದ್ಧಳಾಗಿ ನಿಂತಿದ್ದಾಳೆ, ಗಂಡ ಹೋಗಕೂಡದೆನ್ನುತ್ತಾನೆ. ಅಷ್ಟಕ್ಕೇ ಸೌಮ್ಯೆಯಾದ ಗೃಹಿಣಿ ಮಂಚವನ್ನು ಎತ್ತಿ ನಿಲ್ಲಿಸುತ್ತಾಳೆ! ಒಡವೆಯ ಆಸೆಯೇ ದೆವ್ವವೆಂದು ಇದರ ಅರ್ಥವಲ್ಲ. ಬಾಲ್ಯದ ಒಂಟಿತನವನ್ನು ಒಳಗೇ ಅದುಮಿಟ್ಟುಕೊಂಡು, ಸದಾ ಕೆಲಸದಲ್ಲಿ ಮುಳುಗಿದ ಗಂಡನೊಡನೆ ‘ಚೆನ್ನಾಗಿದ್ದೇನೆ’ ಎಂದು ತೋರಿಸಿಕೊಳ್ಳುತ್ತಿದ್ದವಳು ಆಕೆ. ಅವಳ ಅಂತರಂಗವನ್ನು ಯಾರೂ ವಿಚಾರಿಸಿರಲಿಲ್ಲ. ಅಲ್ಲಿ ಮಂತ್ರವಾದಿಯ ಜೊತೆಗೆ ಮನೋವೈದ್ಯನೂ ಬೇಕಾದುದು ಈ ಕಾರಣದಿಂದಲೇ.

2009ರಲ್ಲಿ ವಿಕ್ರಂ ಕುಮಾರ್ ತಮಿಳು, ಹಿಂದಿ ಎರಡರಲ್ಲಿಯೂ ತೆಗೆದ ಚಿತ್ರವೊಂದುಂಟು, ಹಿಂದಿಯಲ್ಲಿ ‘13ಬಿ’. ತಮಿಳಿನ ಹೆಸರು ‘ಯಾವರುಂ ನಲಂ’, ಎಂದರೆ ಎಲ್ಲರೂ ಕ್ಷೇಮ. ಕೂಡುಕುಟುಂಬವೊಂದು ಹೊಸ ಫ್ಲ್ಯಾಟಿಗೆ ಬರುತ್ತದೆ. ಮನೆಯ ಹೆಂಗಸರು ನೋಡುವ ಅದೇ ಹೆಸರಿನ ಧಾರಾವಾಹಿಯಲ್ಲಿ ಅವರದೇ ಸಂಸಾರದ ಸುಖದುಃಖಗಳು ಒಂದೊಂದಾಗಿ ನಡೆಯುತ್ತಿರುತ್ತವೆ. ಅದನ್ನು ಗುರುತಿಸಿದ ಮಗ ಮನೆಯವರಿಗೆ ಹೇಳದೆ ಒಬ್ಬನೇ ಬೇಯುತ್ತಾನೆ. ‘ಎಲ್ಲರೂ ಕ್ಷೇಮ’ವೆಂಬ ಫಲಕದ ಹಿಂದೆ ಯಾರಿಗೂ ಕ್ಷೇಮವಿಲ್ಲ.

ಕ್ಯಾಂಪಿನಿಂದ ಮಹಡಿಮನೆಗೆ

ಇನ್ನು ನಮ್ಮ ಸೀಮೆಗೆ ಬರೋಣ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಸಿದ್ಧವಾಗಿ, ಎಡದಂಡೆಯ ಕಾಲುವೆಗೆ ನೀರು ಬಂದಿತು. ಕರಾವಳಿ ಆಂಧ್ರದ ರೈತರು ಬಂದು ಗಂಗಾವತಿ, ಸಿಂಧನೂರುಗಳ ಸುತ್ತ ನೆಲೆಯೂರಿದರು. ಅವರು ಬೀಡುಬಿಟ್ಟ ತಾಣಗಳಿಗೆ ‘ಕ್ಯಾಂಪು’ ಎಂಬ ಹೆಸರು ಇಂದಿಗೂ ಉಳಿದಿದೆ. ಎರೆಭೂಮಿ ಭತ್ತದ ಕಣಜವಾಯಿತು. ಅಕ್ಕಿಯ ಗಿರಣಿಗಳು ಬಂದವು. ಗುಡಿಸಲಿದ್ದಲ್ಲಿ ಮಹಡಿ ಎದ್ದಿತು. ಬೆವರಿನಿಂದ ಬಂದ ಈ ಸಂಪತ್ತನ್ನು ಯಾರೂ ಹಳಿಯಲಾಗದು.

ಆದರೆ ಒಮ್ಮೆ ಎದ್ದ ಮಹಡಿ ನೆರೆಮನೆಗೆ ಅಳತೆಗೋಲಾಗುತ್ತದೆ. ಅವರ ಗೇಟಿಗಿಂತ ನಮ್ಮದು ಎತ್ತರವಿರಬೇಕು. ಅವರ ಗೃಹಪ್ರವೇಶದಲ್ಲಿ ಉಂಡವರಿಗಿಂತ ನಮ್ಮಲ್ಲಿ ಹೆಚ್ಚು ಎಲೆ ಬೀಳಬೇಕು. ಈ ವಿಷಯದಲ್ಲಿ ನಮ್ಮ ಹಿಂದಿನವರು ಸಿನಿಮಾದವರಿಗಿಂತ ಜಾಣರು. ಕಟ್ಟುವ ಮನೆಯ ಮುಂದೆ ಕೋರೆದಾಡೆಯ ದೃಷ್ಟಿಗೊಂಬೆಯನ್ನು ತೂಗುಹಾಕಿದರು. ಬಾಗಿಲಿಗೆ ಬೂದುಗುಂಬಳವನ್ನು ಕಟ್ಟಿದರು. ನಾಲ್ಕು ಜನ ನೋಡಲಿ ಎಂದು ಮನೆ ಕಟ್ಟುವವನೇ, ನಾಲ್ಕು ಜನರ ಕಣ್ಣಿಗೆ ಹೆದರಿ ರಾಕ್ಷಸನನ್ನು ಕಾವಲಿಗೆ ನಿಲ್ಲಿಸುತ್ತಾನೆ. ಮೆರೆಯುವ ಆಸೆಯೂ ಭಯವೂ ಒಂದೇ ಬಾಗಿಲಿನಿಂದ ಬರುತ್ತವೆಂಬುದನ್ನು ಈ ಆಚಾರ ಬಲ್ಲದು.

ಗೊಂಬೆಗೆ ಹೆದರದ ದೆವ್ವವೊಂದಿದೆ. ಅದರ ಹೆಸರು ಸಾಲ. ನಮ್ಮ ಮಹಡಿಗಳೆಲ್ಲ ಕಾಲುವೆಯ ನೀರಿನ ಮೇಲೆ ನಿಂತಿವೆ. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ಪ್ರತಿ ಮನೆಯೂ ಉಸಿರು ಬಿಗಿಹಿಡಿದಿತ್ತು. ಒಂದು ಬೆಳೆ ತಪ್ಪಿದರೆ ಕಂತು ಕಟ್ಟುವುದು ಹೇಗೆಂಬ ಚಿಂತೆ ಗಂಡಸಿನ ಎದೆಯಲ್ಲಿ. ಅಡವಿಟ್ಟ ಬಳೆಯ ಜಾಗದಲ್ಲಿ ಗಿಲೀಟಿನದನ್ನು ತೊಟ್ಟು ಮದುವೆಗೆ ಹೋಗುವ ಸಂಕಟ ಹೆಂಗಸಿನಲ್ಲಿ. ಇಬ್ಬರೂ ಪರಸ್ಪರ ಹೇಳಿಕೊಳ್ಳುವುದಿಲ್ಲ. ಮನೆಯ ವಾತಾವರಣವೇಕೆ ಭಾರವಾಗಿದೆಯೆಂದು ಅರಿಯದ ಮಕ್ಕಳು ಕತ್ತಲೆಗೆ ಅಂಜುತ್ತಾರೆ.

ಪೋಲ್ಟರ್‌ಗೈಸ್ಟಿನ ಸಂಸಾರ ಕಟ್ಟಕಡೆಗೆ ಮನೆಯನ್ನು ಕಳೆದುಕೊಂಡು ವಸತಿಗೃಹವೊಂದನ್ನು ಸೇರುತ್ತದೆ. ಅಲ್ಲಿ ಮೊದಲು ಮಾಡುವ ಕೆಲಸ ಟೆಲಿವಿಷನ್ನನ್ನು ಕೋಣೆಯಿಂದ ಹೊರಗೆ ತಳ್ಳುವುದು. ಮನೆಯನ್ನೇ ಕಳೆದುಕೊಳ್ಳುವವರೆಗೆ ನಾವು ಕಾಯಬೇಕಾಗಿಲ್ಲ. ಗೃಹಪ್ರವೇಶದ ಕರೆಯೋಲೆ ಅಚ್ಚಿಗೆ ಹೋಗುವ ಮುನ್ನ ಒಂದು ಸಂಜೆ ಗಂಡಹೆಂಡಿರು ಲೆಕ್ಕದ ಪುಸ್ತಕವನ್ನು ನಡುವೆ ತೆರೆದಿಟ್ಟುಕೊಂಡು ಕೂರಲಿ. ಬೆಳೆದ ಮಕ್ಕಳಿಗೂ ಅಲ್ಲಿ ಸ್ಥಳವಿರಲಿ. ಬಂದದ್ದೆಷ್ಟು, ಕೊಡಬೇಕಾದದ್ದೆಷ್ಟು ಎಂಬುದನ್ನು ಗಟ್ಟಿಯಾಗಿ ಓದಲಿ. ಊಟದ ಎಲೆಗಳು ನೂರು ಕಡಿಮೆಯಾದರೆ ಆಗಲಿ. ಆ ರಾತ್ರಿ ಮನೆಮಂದಿಗೆಲ್ಲ ನಿದ್ರೆ ಬರುತ್ತದೆ.