ಒಳಗಿನ ಗಡಿಯಾರಕ್ಕೆ ಚಾವಿ ಕೊಡುವವರು ಯಾರು?

"ಏಳೋ, ಏಳೂವರೆ ಆಯ್ತು!"

ಪರೀಕ್ಷೆ ಹತ್ತಿರ ಬಂದ ಮನೆಗಳಲ್ಲಿ ಸುಪ್ರಭಾತವೆಂದರೆ ಇದೇ. ತಾಯಿ ಎರಡು ಸಲ ಕೂಗುತ್ತಾಳೆ. ಮೂರನೆಯದು ತಂದೆಯ ದನಿ. ನಾಲ್ಕನೆಯ ಸಲಕ್ಕೆ ಚೊಂಬಿನ ನೀರು. ಎದ್ದ ಮಗ ಮುಖ ಗಂಟಿಕ್ಕಿಕೊಂಡು, ಅರ್ಧ ತಿಂಡಿ ತಿಂದು ಬಸ್ಸಿಗೆ ಓಡುತ್ತಾನೆ. ಬೆನ್ನ ಹಿಂದೆ 'ಕುಂಭಕರ್ಣ' ಎಂಬ ಬಿರುದು.

ಇಂಥ ಕುಂಭಕರ್ಣನೊಬ್ಬ ಕೆಲವು ವರ್ಷಗಳ ಹಿಂದೆ ನನ್ನ ಹತ್ತನೇ ತರಗತಿಯಲ್ಲಿದ್ದ. ಮುಂಡಗೋಡ ತಾಲೂಕಿನದೇ ಒಂದು ಹಳ್ಳಿಯ ಹುಡುಗ. ವಾರದಲ್ಲಿ ಎರಡು ದಿನವಾದರೂ ಮೊದಲ ಪಿರಿಯಡ್ಡಿಗೆ ತಡ. ಬಂದ ದಿನವೂ ತೂಕಡಿಕೆ. ಅವನನ್ನು ನಾನು ಬಾಗಿಲ ಹೊರಗೆ ನಿಲ್ಲಿಸಿದ್ದೂ ಉಂಟು. ಪೂರ್ವಸಿದ್ಧತಾ ಪರೀಕ್ಷೆಯ ದಿನ ಅವನು ಬರಲೇ ಇಲ್ಲ. ತಾಯಿ ಎಬ್ಬಿಸಿಯೇ ಕೆಲಸಕ್ಕೆ ಹೋಗಿದ್ದಳು. 'ಹೂಂ' ಎಂದವನು ಮತ್ತೆ ಹೊರಳಿ ಮಲಗಿದ್ದ. ಎಚ್ಚರವಾದಾಗ ಗಂಟೆ ಹನ್ನೊಂದು.

ಮರುದಿನ ತಂದೆ ಮಗನನ್ನು ಕರೆದುಕೊಂಡೇ ಬಂದರು. "ಸರ, ಇವಂಗ ಓದೋದು ಬ್ಯಾಡಾಗೇತಿ. ಸಾಲಿ ಬಿಡಿಸಿ ಗ್ಯಾರೇಜಿಗೆ ಹಚ್ತೀನ್ರಿ" ಎಂದರು. ಹುಡುಗ ತಲೆ ತಗ್ಗಿಸಿ ಒಂದೇ ಮಾತು ಹೇಳಿದ: "ಹತ್ತಕ್ಕ ಮಲಗಿದ್ರೂ ಎರಡರ ತನಕಾ ನಿದ್ದಿ ಬರೂದಿಲ್ರಿ ಸರ."

ಆ ಮಾತು ನನ್ನನ್ನು ಚುಚ್ಚಿತು. ಜೀವಶಾಸ್ತ್ರ ಕಲಿಸುವ ನಾನು ಆ ಹುಡುಗನ ಜೀವದೊಳಗೆ ಏನು ನಡೆದಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

ಗಿಡಕ್ಕೂ ಹೊತ್ತು ಗೊತ್ತು

ನಮ್ಮ ಕಡೆ ರಸ್ತೆ ಬದಿಯಲ್ಲೆಲ್ಲ ಮುಟ್ಟಿದರೆ ಮುನಿ ಗಿಡ ಹಬ್ಬಿರುತ್ತದೆ. ಸಂಜೆಯಾದರೆ ಯಾರೂ ಮುಟ್ಟದಿದ್ದರೂ ಅದರ ಎಲೆ ಮಡಚಿಕೊಳ್ಳುತ್ತದೆ, ಬೆಳಗಾದರೆ ಬಿಚ್ಚಿಕೊಳ್ಳುತ್ತದೆ. ಸೂರ್ಯನನ್ನು ಕಂಡು ಬಿಚ್ಚಿಕೊಳ್ಳುತ್ತದೆಯೇ? 1729ರಲ್ಲಿ ಫ್ರಾನ್ಸಿನ ಡಿ ಮೇರಾನ್ ಎಂಬ ವಿಜ್ಞಾನಿ ಇಂಥದೇ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಹಗಲಿನ ಹೊತ್ತಿಗೆ ಎಲೆ ಬಿಚ್ಚಿಕೊಂಡಿತು! ಜೀವಿಯ ಒಳಗೇ ಒಂದು ಗಡಿಯಾರ ಇರಬಹುದೆಂಬ ವಿಚಾರಕ್ಕೆ ಅದೇ ನಾಂದಿ. ಹಣ್ಣಿನ ನೊಣದಲ್ಲಿ ಈ ಗಡಿಯಾರ ನಡೆಯುವ ಬಗೆಯನ್ನು ಜೀನುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮನುಷ್ಯನ ಮುಖ್ಯ ಗಡಿಯಾರ ಇರುವುದು ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ. ಗಾತ್ರ ಅಕ್ಕಿಕಾಳಿಗಿಂತ ಚಿಕ್ಕದು. ಕತ್ತಲಾದಾಗ ಅದರ ಸೂಚನೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ರಸದೂತವನ್ನು ಬಿಡುತ್ತದೆ. 'ರಾತ್ರಿಯಾಯಿತು' ಎಂಬ ಡಂಗುರ ಅದು. ಆದರೆ ಈ ಗಡಿಯಾರದಲ್ಲೊಂದು ದೋಷ: ಬಹಳ ಜನರಲ್ಲಿ ಅದರ ಒಂದು ದಿನ 24 ಗಂಟೆಗಿಂತ ತುಸು ಉದ್ದ. ಹೊರಗಿನ ಬೆಳಕು ದಿನಾಲೂ ಸರಿಪಡಿಸದಿದ್ದರೆ ಅದು ಹಿಂದೆ ಬೀಳುತ್ತ ಹೋಗುತ್ತದೆ. ಅಂದರೆ ಚಾವಿ ಕೊಡುವುದು ಬೆಳಗಿನ ಬೆಳಕು.

ಹದಿಹರೆಯದ ಕತೆಯೇ ಬೇರೆ

ಹನ್ನೆರಡು, ಹದಿಮೂರು ದಾಟಿದ ಮಕ್ಕಳಲ್ಲಿ ಈ ಡಂಗುರ ತಡವಾಗಿ ಬಾರಿಸುತ್ತದೆ. ಚಿಕ್ಕವನಿದ್ದಾಗ ಒಂಬತ್ತಕ್ಕೇ ಮಲಗುತ್ತಿದ್ದ ಮಗನಿಗೆ ಈಗ ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಅದು ಹಟವಲ್ಲ, ಪ್ರಾಯದ ಗುಣ. ಆದರೆ ಈ ವಯಸ್ಸಿಗೆ ಬೇಕಾದ ನಿದ್ದೆ ದಿನಕ್ಕೆ 8ರಿಂದ 10 ಗಂಟೆ. ತಡವಾಗಿ ಬರುವ ನಿದ್ದೆ, ಬೇಗ ಹೊರಡುವ ಬಸ್ಸು: ಇವೆರಡರ ನಡುವೆ ಮಕ್ಕಳು ಸಿಕ್ಕಿಬೀಳುತ್ತಾರೆ. ಇದನ್ನು ಮನಗಂಡು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಹೆಚ್ಚಿನ ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದೆಂಬ ಕಾನೂನನ್ನು 2022ರಲ್ಲಿ ಜಾರಿಗೆ ತಂದಿತು.

ಸ್ವಭಾವದ ಪಾತ್ರವೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ವಿಜಯ್ ಕುಮಾರ್ ಶರ್ಮ ಮತ್ತು ಸಂಗಡಿಗರು ಹಣ್ಣಿನ ನೊಣಗಳ ಮೇಲೆ ಒಂದು ಪ್ರಯೋಗ ಮಾಡಿದರು. ಬೆಳಿಗ್ಗೆ ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ಬರುವ ನೊಣಗಳನ್ನೂ ಬೇರೆ ಬೇರೆಯಾಗಿ ಆರಿಸಿ, ತಲೆಮಾರುಗಟ್ಟಲೆ ಬೆಳೆಸಿದರು. ಕೊನೆಗೆ ಬೆಳಗಿನ ವಂಶದ ಗಡಿಯಾರ ಚುರುಕಾಗಿ, ಸಂಜೆಯ ವಂಶದ್ದು ನಿಧಾನವಾಗಿ ನಡೆಯತೊಡಗಿತು. ಮನೆಯಲ್ಲಿ ಅಕ್ಕ ಐದಕ್ಕೆ ಎದ್ದು ಓದುತ್ತಾಳೆಂದು ತಮ್ಮನನ್ನು ಹೀಯಾಳಿಸುವ ಮೊದಲು ಈ ನೊಣಗಳನ್ನು ನೆನೆಯುವುದು ಒಳ್ಳೆಯದು.

"ನಮ್ಮೂರ ಟಿಬೆಟನ್ ಕಾಲೋನಿಯ ಮಠಗಳಲ್ಲಿ ಅದೇ ವಯಸ್ಸಿನ ಹುಡುಗರು ನಸುಕಿನಲ್ಲೇ ಪ್ರಾರ್ಥನೆಗೆ ಕೂರುತ್ತಾರಲ್ಲ?" ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ದಿನಚರಿ ಎಲ್ಲರಿಗೂ ಒಂದೇ. ನಮ್ಮ ಮನೆಗಳಲ್ಲಿ ಮಗನಿಗೆ 'ಮಲಗು' ಎಂದು ಹೇಳಿ ನಾವು ಟೀವಿ ಮುಂದೆ ಕೂರುತ್ತೇವೆ.

ರವಿವಾರದ ಸೌದಿ ಪ್ರಯಾಣ

ಆ ಹುಡುಗನ ವಾರದ ಲೆಕ್ಕ ಬರೆಸಿದೆ. ರಾತ್ರಿ ಒಂಬತ್ತಕ್ಕೆ ದೊಡ್ಡ ಲೋಟ ಚಹಾ. ಹಾಸಿಗೆಯಲ್ಲಿ ಮೊಬೈಲ್. ವಾರವಿಡೀ ಐದು ತಾಸಿನ ನಿದ್ದೆ. ರವಿವಾರ ಮಾತ್ರ ಒಂಬತ್ತರ ತನಕ, ಕೆಲವೊಮ್ಮೆ ಇನ್ನೂ ತಡವಾಗಿ ಏಳುವುದು. ಗುಟ್ಟು ಅಲ್ಲೇ ಇತ್ತು.

ನಮಗೂ ಸೌದಿ ಅರೇಬಿಯಾಕ್ಕೂ ಎರಡೂವರೆ ಗಂಟೆಯ ವ್ಯತ್ಯಾಸ. ಆರೂವರೆಗೆ ಏಳುವವನು ರವಿವಾರ ಒಂಬತ್ತಕ್ಕೆ ಎದ್ದರೆ, ದೇಹವನ್ನು ಸೌದಿಗೆ ಕಳಿಸಿ ಸೋಮವಾರ ಮುಂಜಾನೆ ವಾಪಸು ಕರೆಸಿದ ಹಾಗೆ. ಗಡಿಯಾರ ಒಂದೇ ದಿನಕ್ಕೆ ಪೂರ್ತಿ ಬದಲಾಗದಿದ್ದರೂ ಆ ಕಡೆಗೆ ಸರಿಯುತ್ತದೆ. ಅದಕ್ಕೇ ರವಿವಾರ ರಾತ್ರಿ ನಿದ್ದೆ ಹತ್ತುವುದಿಲ್ಲ, ಸೋಮವಾರ ಕಣ್ಣು ಬಿಡುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಹಿಡಿಯಬೇಕಾದದ್ದು ಏಳುವ ಹೊತ್ತು. ನಿದ್ದೆಯನ್ನು ಒತ್ತಾಯದಿಂದ ತರಿಸಲಾಗದು, ಏಳುವುದು ನಮ್ಮ ಕೈಯಲ್ಲಿದೆ. ಈಗ ಏಳುವ ಹೊತ್ತಿನಿಂದ ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ರವಿವಾರವೂ ಒಂದು ತಾಸಿಗಿಂತ ಹೆಚ್ಚು ವ್ಯತ್ಯಾಸ ಬೇಡ.

ಎದ್ದ ಅರ್ಧ ತಾಸಿನೊಳಗೆ ಅಂಗಳಕ್ಕೆ ಬನ್ನಿ. ಹಲ್ಲುಜ್ಜುವುದು, ಹೂ ಕೊಯ್ಯುವುದು, ಏನಾದರೂ ಸರಿ. ಮಳೆಗಾಲದ ಮೋಡದ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಪ್ರಖರ.

ಸಂಜೆ ನಾಲ್ಕರ ಮೇಲೆ ಚಹಾ, ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ತಾಸಿನ ನಂತರವೂ ದೇಹದಲ್ಲೇ ಇರುತ್ತದೆ. ಮಲಗುವ ಒಂದು ತಾಸು ಮೊದಲು ಮೊಬೈಲ್ ಅಡುಗೆಮನೆಯ ಕಪಾಟು ಸೇರಲಿ. ಅಪ್ಪ ಅಮ್ಮನದೂ ಸೇರಲಿ. ಹಗಲು ತಡೆಯದಷ್ಟು ನಿದ್ದೆ ಬಂದರೆ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಸಾಕು.

ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವವರಿಗೆ ಒಂದು ಮಾತು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಗೆಟ್ಟು ಓದುವುದೆಂದರೆ ತೂತು ಕೊಡದಲ್ಲಿ ನೀರು ಸೇದಿದಂತೆ.

ಇಷ್ಟಾದರೂ, ಒಂಬತ್ತು ಹತ್ತು ತಾಸು ಮಲಗಿಯೂ ವಾರಗಟ್ಟಲೆ ಮಂಪರು ಹೋಗದಿದ್ದರೆ ಅದು ಶಿಸ್ತಿನ ಪ್ರಶ್ನೆಯಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ತೊಂದರೆ, ಮನಸ್ಸಿನ ಖಿನ್ನತೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಬೈಯುವ ಬದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಆ ಹುಡುಗನಿಗೆ ಸರಿಹೋಗಲು ಸುಮಾರು ಮೂರು ವಾರ ಹಿಡಿಯಿತು. ನಡುವೆ ಎರಡು ಸಲ ಮತ್ತೆ ತಡವಾಗಿ ಬಂದ. ನಾನು ಹೊರಗೆ ನಿಲ್ಲಿಸಲಿಲ್ಲ. ತಂದೆ ರಾತ್ರಿ ಒಂಬತ್ತೂವರೆಗೆ ಟೀವಿ ಆರಿಸುವುದನ್ನು ಕಲಿತರು. ವಾರ್ಷಿಕ ಪರೀಕ್ಷೆಯ ಎಲ್ಲ ದಿನವೂ ಹುಡುಗ ಅರ್ಧ ತಾಸು ಮೊದಲೇ ಬಂದು ಕೂತಿದ್ದ. ಗ್ಯಾರೇಜಿನ ಮಾತು ಮತ್ತೆ ಬರಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಎಷ್ಟಕ್ಕ ಏಳ್ತಿಯೋ?" ಎಂದು ಕೇಳಿದೆ.

"ಆರಕ್ಕರಿ ಸರ," ಎಂದು ನಕ್ಕ. "ರವಿವಾರನೂ."